ಭಾವನ ಕತ್ತಿಯೂ ಭಾವನ ಮೀಸೆಯೂ

ನಮ್ಮ ಭಾವ ಒಂದೇ ಒಂದು ಕ್ಷೌರದಿಂದ ತಮ್ಮ ಅಪ್ಪನನ್ನು ಸಾಯಿಸಿದವರು. ಗಾಬರಿಯಾಗಬೇಡಿ, ಆ ಅಪ್ಪ ಆವತ್ತೇ ಬಸ್ಸು ಹತ್ತಿ ಬಂದು ಎರಡು ಲೋಟ ಕಾಫಿ ಕುಡಿದರು!

ಭಾವ ಅಂದರೆ ನಮ್ಮಕ್ಕನ ಗಂಡ. ಹುಣಸೂರಿನಲ್ಲಿ ನಮ್ಮ ಪಕ್ಕದ ಮನೆಯೇ. ಗುಮಾಸ್ತಿಕೆಯಿಂದ ನಿವೃತ್ತರಾದ ಮೇಲೆ ಅವರು ಶುರು ಮಾಡದ ಕೆಲಸವಿಲ್ಲ, ಮುಗಿಸಿದ ಕೆಲಸವೂ ಇಲ್ಲ. ಹಿತ್ತಿಲಲ್ಲಿ ಜೇನುಪೆಟ್ಟಿಗೆ ಇದೆ, ಜೇನಿಲ್ಲ. ಜಗಲಿಯಲ್ಲಿ ಅವರೇ ಮಾಡಿದ ಕುರ್ಚಿಯಿದೆ, ನಾಲ್ಕನೆಯ ಕಾಲು ಇನ್ನೂ ಬರಬೇಕು! ಅವರ ಅಪ್ಪ, ಊರಿಗೆಲ್ಲ ಅಜ್ಜ, ಇರುವುದು ಸಾಲಿಗ್ರಾಮದಲ್ಲಿ, ದೊಡ್ಡ ಮಗನ ಜೊತೆ. ಇಲ್ಲಿಗೆ ಬಂದಾಗಲೆಲ್ಲ ಆ ಕುರ್ಚಿ ನೋಡಿ, "ನಿಂಗೆ ಸುರು ಮಾಡಾದೊಂದೇ ಬರಾದು ಕಣ್ಲಾ" ಅನ್ನುತ್ತಿದ್ದರು. ಅರವತ್ತು ದಾಟಿದ ಭಾವ ಐದನೇ ಕ್ಲಾಸಿನ ಹುಡುಗನಂತೆ ನೆಲ ನೋಡುತ್ತಿದ್ದರು.

ಅಂಥವರು ಒಂದು ದಿನ ಮೊಬೈಲಿನಲ್ಲಿ ಯಾರೋ ಮಡಚುವ ಕ್ಷೌರದ ಕತ್ತಿ ಮಾಡುವುದನ್ನು ನೋಡಿ ಕುಣಿದುಬಿಟ್ಟರು.

"ಇದನ್ನ ಮುಗಿಸೇ ಮುಗಿಸ್ತೀನಿ ಕಣೇ! ಮುಗಿಸಿ ಅಪ್ಪಂಗೆ ತೋರಿಸ್ತೀನಿ!"

"ಮೊದ್ಲು ಆ ಕುರ್ಚಿಗೆ ಕಾಲು ಕೊಡಿ" ಅಂದಳು ಅಕ್ಕ.

ಗುಜರಿಯಿಂದ ಕಬ್ಬಿಣ ಉಜ್ಜುವ ಹಳೆಯ ಅರವೊಂದು ಬಂತು. ಬಚ್ಚಲೊಲೆಯ ಕೆಂಡದಲ್ಲಿ ಕಾಯಿಸಿ, ಬೂದಿಯಲ್ಲಿ ಹೂತು ಮೆತ್ತಗಾಗಿಸಿ, ಹದಿನೈದು ದಿನ ಕರಕರ ಉಜ್ಜಿದರು. ಬೀದಿಯ ನಾಯಿಗಳೆಲ್ಲ ಬೇರೆ ಬೀದಿಗೆ ಹೋದವು. ಗಟ್ಟಿಯಾಗಲೆಂದು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ, ಟಿಣ್! ಎರಡು ತುಂಡು. ಇನ್ನೊಂದು ಅರ ತಂದರು. ಈ ಸಲ ನೀರಿಗಲ್ಲ, ಹಪ್ಪಳಕ್ಕೆಂದು ಅಕ್ಕ ಇಟ್ಟಿದ್ದ ಕಡಲೆಕಾಯಿ ಎಣ್ಣೆಗೆ! ಆಮೇಲೆ ಮತ್ತೆ ಟಿಣ್ ಅನ್ನದಿರಲೆಂದು ಅವಳ ಕೇಕಿನ ಓವನ್ನಿನಲ್ಲಿ ಹದವಾದ ಬಿಸಿಗೆ ಬೇಯಿಸಿದರು. ಬೀಟೆ ಮರದ ಹಿಡಿ ಹಾಕಿದರು. ಸಾಣೆಕಲ್ಲಿನ ಮೇಲೆ ಮಸೆದು, ಕೊನೆಗೆ ತೊಗಲಿನ ಮೇಲೆ ಎಳೆಯಬೇಕಲ್ಲ? ಸೊಂಟದ ಬೆಲ್ಟು ಬಿಚ್ಚಿ ಕಿಟಕಿಗೆ ಕಟ್ಟಿದರು. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಪ್ಯಾಂಟು!

ಕತ್ತಿ ಹರಿತವಾಯಿತೋ ಇಲ್ಲವೋ ಅಂತ ದಿನಾ ಮುಂಗೈ ಮೇಲೆ ಪರೀಕ್ಷೆ. ಎರಡೂ ಕೈ ಬೋಳಾದ ಮೇಲೆ ಒಂದು ಬುಧವಾರ ಬೆಳಿಗ್ಗೆ ಮುಖಕ್ಕೆ ಸೋಪು ಹಚ್ಚಿದರು. ಗಡ್ಡ ಬೆಣ್ಣೆಯಂತೆ ಬಂತು. ಆ ಖುಷಿಗೆ ಮೀಸೆಯ ಎಡತುದಿ ತಿದ್ದಿದರು. ಬಲಗಡೆ ಉದ್ದವಾಯಿತು. ಬಲಗಡೆ ತಿದ್ದಿದರು. ಎಡಗಡೆ ಉದ್ದವಾಯಿತು. ಸರಿದೂಗಿಸುತ್ತಾ ಹೋಗಿ ಮೀಸೆಯೇ ಮುಗಿಯಿತು!

ನಮ್ಮ ಕಡೆ ಅಪ್ಪ ಇರುವ ತನಕ ಮಗ ಮೀಸೆ ತೆಗೆಯುವಂತಿಲ್ಲ. ತೆಗೆದರೆ ಅಪ್ಪ ಹೋದರು ಅಂತಲೇ ಲೆಕ್ಕ. ಇದೆಲ್ಲ ನೆನಪಿರಬೇಕಲ್ಲ? ಭಾವ ಬೀಗುತ್ತಾ ಹಾಲು ತರಲು ಹೋದರು. ಹಾಲಿನ ಪುಟ್ಟಮ್ಮ ಮುಖ ನೋಡಿ ಸೆರಗು ಬಾಯಿಗಿಟ್ಟುಕೊಂಡಳು. ಒಂಬತ್ತು ಗಂಟೆಗೆಲ್ಲ ಸುದ್ದಿ ಊರು ದಾಟಿ, ಪಿರಿಯಾಪಟ್ಟಣದ ನೆಂಟರೊಬ್ಬರು ಸಾಲಿಗ್ರಾಮಕ್ಕೇ ಫೋನು ಮಾಡಿದ್ದರು.

"ಮಣ್ಣಿಗಂತೂ ಏಳ್ನಿಲ್ಲ, ಅಜ್ಜಂದು ತಿಥಿ ಯಾವತ್ತು ಅಂತಾದ್ರೂ ಏಳಿ."

"ಯಾವ ಅಜ್ಜಂದ್ಲಾ?"

"ನಿಮ್ಮನೆ ಅಜ್ಜಂದೇ ಕಣಣ್ಣ. ಮಾತಾಡ್ತಿರಾದು ಯಾರು?"

"ಅಜ್ಜ!"

ಮಧ್ಯಾಹ್ನ ಅಜ್ಜ ಬಸ್ಸಿಳಿದು ಬಂದಾಗ ಜಗಲಿಯಲ್ಲಿ ಆರು ಜನ ಅಳುಮೋರೆ ಹಾಕಿ ಕೂತಿದ್ದರು. ಹೂವಿನ ಹಾರ ತಂದಿದ್ದ ಒಬ್ಬರು ಅದನ್ನು ಬೆನ್ನ ಹಿಂದೆ ಅಡಗಿಸಿದರು. "ತಂದಿದ್ದೀಯಲ್ಲ, ಆಕ್ಬುಡು" ಅಂದರು ಅಜ್ಜ. ಭಾವ ಟವೆಲಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದರು. ಕತ್ತಿಯ ಕಥೆಯನ್ನೆಲ್ಲ ಅಕ್ಕನೇ ಅಜ್ಜನಿಗೆ ಹೇಳಿದಳು.

"ಎಲ್ಲಿ, ಆ ಕತ್ತಿ ತತ್ತಾ."

ಅಜ್ಜ ಕತ್ತಿ ಬಿಚ್ಚಿದರು. ಹೆಬ್ಬೆರಳು ಅಡ್ಡ ಆಡಿಸಿದರು. ಬೆಳಕಿಗೆ ಹಿಡಿದರು. ಆಮೇಲೆ ಮೂರು ಕಾಲಿನ ಕುರ್ಚಿಯನ್ನು ಗೋಡೆಗೆ ಒತ್ತಿ ಕೂತು, ಕಣ್ಣು ಮುಚ್ಚಿ, ಕತ್ತು ಮೇಲಕ್ಕೆತ್ತಿದರು.

"ಊಂ, ಮಾಡು."

ಯಾವ ಕೆಲಸವನ್ನೂ ಮುಗಿಸದ ಮಗನ ಕೈಗೆ ತಮ್ಮ ಕೊರಳು! ಭಾವ ಬಾಯಿಯ ಟವೆಲನ್ನು ಅಪ್ಪನ ಹೆಗಲಿಗೆ ಹೊದಿಸಿ, ಕೆನ್ನೆಗೆ ಸೋಪು ಹಚ್ಚಿದರು. ಕತ್ತಿ ತಾಗಿಸಿದರು. ಸುಕ್ಕುಗಳನ್ನು ಒಂದೊಂದಾಗಿ ಬೆರಳಲ್ಲಿ ಬಿಡಿಸುತ್ತಾ, ಮಗುವಿನ ಕೆನ್ನೆ ಮುಟ್ಟುವಂತೆ ಮುಟ್ಟುತ್ತಾ, ಅರ್ಧ ಗಂಟೆ ಮಾಡಿದರು. ಒಂದು ಹನಿ ರಕ್ತ ಬರಲಿಲ್ಲ.

ಅಜ್ಜ ಕೆನ್ನೆ ಸವರಿಕೊಂಡರು. ಇನ್ನೊಮ್ಮೆ ಸವರಿಕೊಂಡರು. "ಮುಗಿಸ್ದೆ ಕಣ್ಲಾ" ಅಂದರು.

ಆಮೇಲೆ ಮಗನ ಬೋಳು ಮೇಲ್ದುಟಿಗೆ ಸಿಡಿದಿದ್ದ ನೊರೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒರೆಸಿದರು.

"ಇದನ್ನ ಬೇಗ ಬೆಳುಸ್ಕೊ. ನಾನಿನ್ನೂ ಇವ್ನಿ."