ಕಂಬಳಿ ಬಂದು ಮುಟ್ಟುವವರೆಗೆ ಓಟ ಮುಗಿಯದ ಬಗ್ಗೆ

ಸಂಖ್ಯೆ: ಓಟ/ಥಂಡಿ/ಕಂಬಳಿ-೭/೧೯೫೯
ಮುಕ್ಕಾಂ: ಗೋಕಾಕ
ದಿನಾಂಕ: ೧೧ ನವೆಂಬರ್ ೧೯೫೯

ಸುತ್ತೋಲೆ

ವಿಷಯ: ಥಂಡಿ ಕಾಲದ ದೂರದ ಓಟಕ್ಕೆ ಜವಾನರು ಮಾಡತಕ್ಕ ತಾಲೀಮು ಹಾಗೂ ತೊಡತಕ್ಕ ಉಡುಪಿನ ಕುರಿತು.

ಓದಲಾಗಿದೆ:
(೧) ಇದೇ ವಿಷಯದ ಹೋದ ವರ್ಷದ ಸುತ್ತೋಲೆ. ಇದನ್ನು ಬರೆದವನ ಹೊರತು ಯಾರೂ ಪೂರ್ತಿ ಓದಿಲ್ಲ.
(೨) ಕಣಗಲಾ ಠಾಣ್ಯದ ಜವಾನ ಮಾಯಪ್ಪನ ವರ್ಗಾವಣೆಯ ಅರ್ಜಿ. ಇದು ಹನ್ನೊಂದು ಸಲ ಬಂದಿದೆ.
(೩) ಎರಡನೆಯ ಮೈಲಿನ ಮರೆವ್ವ ಎಂಬ ವೃದ್ಧೆಯ ಹೇಳಿಕೆ. ಅವಳ ಬಾಯಿಂದ ಬಂದ ಹಾಗೆಯೇ ಬರೆದುಕೊಂಡದ್ದು.

ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ಭಾಗದ ಎಲ್ಲ ಟಪಾಲು ಜವಾನರಿಗೆ, ಅವರನ್ನು ಓಡಿಸುವ ಕಾರಕೂನರಿಗೆ ಮತ್ತು ದಾರಿಯ ಬದಿಗೆ ನಿಂತು ನಗುವ ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ:

೧. ಈ ಕಚೇರಿಯ ಜವಾನರ ಓಟವು ಪ್ರತಿ ವರ್ಷ ಡಿಸೆಂಬರ್ ತಿಂಗಳ ಎರಡನೆಯ ರವಿವಾರ ಬೆಳಿಗ್ಗೆ ಏಳು ಗಂಟೆಗೆ ಗೋಕಾಕದ ಕಚೇರಿ ಬಾಗಿಲಿನಿಂದ ಹೊರಟು, ಮೂಡಲಗಿ ದಾರಿಯ ಎಂಟನೆಯ ಮೈಲುಗಲ್ಲಿಗೆ ಮುಗಿಯತಕ್ಕದ್ದು. ಹೋದ ವರ್ಷ ಅದು ಹೊರಟಿತು. ಮುಗಿಯಲು ಎಂಬತ್ತನಾಲ್ಕು ದಿನ ಹಿಡಿಯಿತು. ಹೀಗಾಗಲು ಯಾರು ಕಾರಣರೆಂಬುದನ್ನು ಮುಂದಿನ ಕಲಮುಗಳಲ್ಲಿ ವಿವರಿಸಲಾಗಿದೆ. ಯಾರೂ ಕಾರಣರಲ್ಲವೆಂದು ಮೊದಲೇ ತೀರ್ಮಾನಿಸಲಾಗಿದೆ.

೨. ೧೯೫೭ರ ಓಟವನ್ನು ಸಾಹೇಬರು ಜೀಪಿನಲ್ಲಿ ಕುಳಿತು ಪರಿಶೀಲಿಸಿದರು. ಜೀಪಿಗೆ ಬಾಗಿಲು ಇರಲಿಲ್ಲ. ಸಾಹೇಬರು ಏಳು ಸಲ ಸೀನಿದರು. ಕುಳಿತವರಿಗೇ ಇಷ್ಟು ಥಂಡಿಯಾದರೆ ಬರೀ ಬನಿಯನ್ನಿನಲ್ಲಿ ಓಡುವವರ ಗತಿಯೇನೆಂದು ಮನಗಂಡು, ಸೀನಿಗೊಂದರಂತೆ ಏಳು ಉಡುಪುಗಳನ್ನು ಮಂಜೂರು ಮಾಡಲಾಯಿತು: ಬನಿಯನ್, ಅಂಗಿ, ಉಣ್ಣೆಯ ಸ್ವೆಟರು, ಖಾಕಿ ಕೋಟು, ಮಫ್ಲರು, ರುಮಾಲು ಮತ್ತು ಎಲ್ಲದರ ಮೇಲೆ ಹೊದೆಯಲು ಕಂಬಳಿ. ಚಡ್ಡಿಯನ್ನು ಎಣಿಸಿಲ್ಲ. ಅದನ್ನು ಆಯಾ ನೌಕರನ ಮರ್ಯಾದೆಗೆ ಬಿಡಲಾಗಿತ್ತು.

೩. ಸದರಿ ಉಡುಪು ಸರಕಾರದ ಆಸ್ತಿಯಾದ್ದರಿಂದ ಹೋದ ವರ್ಷದ ಸುತ್ತೋಲೆಯಲ್ಲಿ ಎರಡು ವಾಕ್ಯ ಸೇರಿಸಲಾಗಿತ್ತು. ಒಂದು: ಸ್ಪರ್ಧಿಯ ಏಳೂ ಉಡುಪು ಗುರಿ ಮುಟ್ಟಿದ ಮೇಲೆಯೇ ಅವನ ಓಟ ಮುಗಿಯಿತೆಂದು ತಿಳಿಯತಕ್ಕದ್ದು. ಎರಡು: ಓಟ ಮುಗಿಯುವವರೆಗೆ ವೇಳೆ ನೋಡುವವನು ಸ್ಥಳ ಬಿಟ್ಟು ಕದಲಕೂಡದು. ಈ ಎರಡು ವಾಕ್ಯ ಬರೆದ ಕಾರಕೂನನು ಈಗ ಪಶ್ಚಾತ್ತಾಪದಲ್ಲಿದ್ದಾನೆ. ಈ ಸುತ್ತೋಲೆಯನ್ನು ಬರೆಯುವ ಕೆಲಸವನ್ನೂ ಅವನಿಗೇ ಹಚ್ಚಲಾಗಿದೆ.

೪. ಮೊದಲು ಬಂದವನಿಗೆ ಅವನು ಬೇಡಿದ ಊರಿಗೆ ವರ್ಗಾವಣೆ ಎಂದು ಬಹುಮಾನ ಇಡಲಾಗಿತ್ತು. ಉಳಿದವರಿಗೆ ಇದು ಬಹುಮಾನವೆಂದೇ ಅನ್ನಿಸಲಿಲ್ಲ. ಮಾಯಪ್ಪನಿಗೆ ಮಾತ್ರ ಅದನ್ನು ಓದಿದ ದಿನ ಊಟ ಸೇರಲಿಲ್ಲ. ಅವನ ಕೆಲಸ ಹುಕ್ಕೇರಿ ಕಡೆಯ ಕಣಗಲಾದಲ್ಲಿ; ಹೆಂಡತಿ ಸೀತವ್ವ ಮತ್ತು ಆರು ತಿಂಗಳ ಮಗಳು ಮೂಡಲಗಿ ಕಡೆಯ ಮಸಗುಪ್ಪಿಯಲ್ಲಿ. ಮಗಳು ಹದಿನೈದು ದಿನಕ್ಕೊಮ್ಮೆ ಬರುವ ಈ ಮೀಸೆಯ ಮನುಷ್ಯನನ್ನು ಕಂಡು ಪ್ರತಿ ಸಲ ಹೊಸದಾಗಿ ಅಳುತ್ತಿದ್ದಳು. ಅವಳು ಗುರುತು ಹಿಡಿಯುವಷ್ಟರಲ್ಲಿ ರಜೆ ಮುಗಿಯುತ್ತಿತ್ತು. ಅರ್ಜಿಯ ಹನ್ನೊಂದು ಪ್ರತಿಗಳಲ್ಲಿಯೂ ಈ ಒಂದು ಸಂಗತಿಯ ಹೊರತು ಬೇರೆ ಕಾರಣ ಕೊಟ್ಟಿಲ್ಲ. ನಿಯಮದ ಪ್ರಕಾರ ಅಳುವು ಕಾರಣವಾಗುವುದಿಲ್ಲ.

೫. ದಿನಾಂಕ ೧೪ ಡಿಸೆಂಬರ್ ೧೯೫೮ರಂದು ಹನ್ನೊಂದು ಸ್ಪರ್ಧಿಗಳು ಏಳೇಳು ಉಡುಪು ತೊಟ್ಟು ಹೊರಟರು. ಒಂಬತ್ತು ಮಂದಿ ಒಂದೂವರೆ ಮೈಲಿನೊಳಗೇ ಬೆವರಿನಿಂದ ಕಂಗೆಟ್ಟು, ಹೊದ್ದ ಕಂಬಳಿಯನ್ನೇ ಹಾಸಿ ಬೇವಿನ ಗಿಡದ ಕೆಳಗೆ ಮಲಗಿದರು. ಹತ್ತನೆಯವನಾದ ನಿಡಸೋಸಿಯ ಪರಪ್ಪನು ನಿಯಮಕ್ಕೆ ಹೆದರಿ ಒಂದು ಗುಂಡಿಯನ್ನೂ ಬಿಚ್ಚದೆ ಐದು ಮೈಲು ಓಡಿ, ಆವಿ ಬಿಡುತ್ತ ನೆಲಕ್ಕೆ ಕುಳಿತ. ಅವನನ್ನು ಜೋಳದ ಕಣಕಿ ಹೇರಿದ ಚಕ್ಕಡಿ ಗಾಡಿಯಲ್ಲಿ ಗುರಿ ಮುಟ್ಟಿಸಲಾಯಿತು. ಅವನ ಬಟ್ಟೆಗಳೆಲ್ಲ ಮುಟ್ಟಿದವು, ಓಟ ಮಾತ್ರ ಮುಟ್ಟಲಿಲ್ಲ, ಹೆಸರು ಹೊಡೆದುಹಾಕಲಾಯಿತು.

೬. ಮಾಯಪ್ಪನು ಎಂಟೂ ಮೈಲನ್ನು ಒಂದು ಗಂಟೆ ನಾಲ್ಕು ಮಿನಿಟಿನಲ್ಲಿ ಓಡಿ, ಬನಿಯನ್ ಮತ್ತು ಚಡ್ಡಿಯ ಮೇಲೆ ನಗುತ್ತ ಬಂದು ಮುಟ್ಟಿದ. ಉಳಿದ ಆರು ಉಡುಪು ಎಲ್ಲಿ ಎಂದು ಕೇಳಲಾಗಿ ಅವನು ಕೊಟ್ಟ ಹೇಳಿಕೆ: "ಮೈ ಕಾಯ್ದಂಗ ಒಂದೊಂದ ಬಿಚ್ಚಿಕೋತ ಬಂದ್ನಿರಿ. ಹೊಂಟಾಗ ನಡಗಿದ್ರ ತೊಟ್ಟ ಅರಿವಿ ಬರೋಬ್ಬರಿ ಅದಾವಂತ ತಿಳಕೋಬೇಕ್ರಿ. ಹೊಂಟಾಗನ ಬೆಚ್ಚಗಿದ್ರ ಮುಂದ ಕುದೀಬೇಕಾಗತೈತಿ." ಥಂಡಿಯ ಓಟದ ಬಗ್ಗೆ ಈ ಕಚೇರಿಯ ಕಡತಗಳಲ್ಲಿರುವ ಬುದ್ಧಿಯ ಮಾತು ಇದೊಂದೇ. ಆ ದಿನ ಇದನ್ನು ಉದ್ಧಟತನವೆಂದು ದಾಖಲಿಸಲಾಯಿತು.

೭. ಉಡುಪುಗಳ ಶೋಧದ ವಿವರ: ರುಮಾಲು ಮೊದಲನೆಯ ಮೈಲುಗಲ್ಲಿನ ತಲೆಯ ಮೇಲೆ ಸಿಕ್ಕಿತು. ಅಷ್ಟರಲ್ಲಿ ಕಲ್ಲಿಗೆ ಯಾರೋ ಕುಂಕುಮ ಹಚ್ಚಿ ಕಾಯಿ ಒಡೆದಿದ್ದರು. ಕೋಟನ್ನು ಮೂರನೆಯ ಮೈಲಿನ ಬೆದರುಗೊಂಬೆಗೆ ತೊಡಿಸಲಾಗಿತ್ತು. ಹಿಂದೆ ಬರುತ್ತಿದ್ದ ಪರಪ್ಪನು ಅದಕ್ಕೆ ಸಲಾಮು ಹೊಡೆದೇ ಮುಂದೆ ಹೋದದ್ದಾಗಿ ಒಪ್ಪಿಕೊಂಡಿದ್ದಾನೆ. ಸ್ವೆಟರು ಒಂದು ಕರುವಿನ ಮೈಮೇಲಿತ್ತು. ಬಿಚ್ಚಲು ಕರು ಒಪ್ಪದೆ ಇದ್ದುದರಿಂದ ಅದನ್ನು ಕರುವಿನ ಸಮೇತ ಹಾಜರುಪಡಿಸಲಾಯಿತು. ಅಂಗಿ ಮತ್ತು ಮಫ್ಲರು ಸಂಜೆಯೊಳಗೆ ತಾವಾಗಿ ಬಂದವು. ಕಂಬಳಿ ಬರಲಿಲ್ಲ.

೮. ಕಂಬಳಿಯು ಎರಡನೆಯ ಮೈಲಿನಲ್ಲಿ ಜೋಳದ ಹೊಲ ಕಾಯುತ್ತ ಕುಳಿತ ಮರೆವ್ವನ ಮೈಮೇಲಿತ್ತು. ಹರಕು ಸೀರೆಯಲ್ಲಿ ನಡುಗುತ್ತಿದ್ದ ಅವಳನ್ನು ನೋಡಿ ಮಾಯಪ್ಪನು ನಿಲ್ಲದೆಯೇ ಅದನ್ನು ಹೊದಿಸಿ ಮುಂದೆ ಓಡಿದ್ದ. ಮರೆವ್ವನ ಹೇಳಿಕೆ: "ಸರಕಾರದಾವ್ರು ಮುದುಕ್ಯಾರಿಗಿ ಕಂಬಳಿ ಹಂಚಾಕತ್ತಾರ ಅಂತ ತಿಳದ್ನಿ. ಓಡಿಕೋತ ಹಂಚತಾರ ಅನ್ನೂದು ಗೊತ್ತಿರಲಿಲ್ಲ. ಏನ ಗಡಿಬಿಡಿ ಐತೋ ಪಾಪ ಅಂದ್ನಿ." ಮರುದಿನ ಬೆಳಿಗ್ಗೆ ಅದೇ ಸ್ಥಳದಲ್ಲಿ ಇನ್ನೂ ಹತ್ತು ಮಂದಿ ವೃದ್ಧರು ಸಾಲಾಗಿ ಕುಳಿತು ಗೋಕಾಕದ ಕಡೆ ನೋಡುತ್ತಿದ್ದುದಾಗಿ ವರದಿ ಬಂದಿದೆ.

೯. ಕಂಬಳಿ ಮರಳಿ ತರಲು ಮಾಯಪ್ಪನ ಕೈಯಲ್ಲೇ ಮೂರು ಸಲ ನೋಟೀಸು ಕೊಟ್ಟು ಕಳಿಸಲಾಯಿತು. ಅದು ಬಂದರೆ ಓಟ ಮುಗಿಯುವುದು, ಓಟ ಮುಗಿದರೆ ಮಸಗುಪ್ಪಿ ಸಿಗುವುದು. ಇದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಮೂರು ಸಲವೂ ಅವನು "ಮುದುಕಿ ಮನಿಯಾಗ ಇರಲಿಲ್ರಿ" ಎಂದು ಬರಿಗೈಯಲ್ಲಿ ಬಂದ. ಎರಡು ನೋಟೀಸುಗಳ ಮೇಲೆ ಚಹಾದ ಕಪ್ಪಿನ ಗುರುತು ಇತ್ತು. ವಿಚಾರಿಸಲಾಗಿ, ಅವನು ಅವಳ ಬಾಗಿಲಲ್ಲಿ ಕುಳಿತು, ಅವಳು ಆ ಕಂಬಳಿಯನ್ನು ಕಿವಿಯ ತನಕ ಎಳೆದುಕೊಂಡು ಚಹಾ ಸೋಸಿ ಕೊಡುವುದನ್ನು ನೋಡಿ, ಕುಡಿದು, ಏನನ್ನೂ ಕೇಳಲಾಗದೆ ಎದ್ದು ಬರುತ್ತಿದ್ದನೆಂದು ತಿಳಿದುಬಂತು. ಇದನ್ನು ಓದಿ ಈ ಕಾರಕೂನನಿಗೆ ಬಹಳ ಕೆಟ್ಟದೆನಿಸಿತು. ಹಾಗೆ ಅನ್ನಿಸಿಕೊಳ್ಳಲು ಕಚೇರಿಯ ನಿಯಮದಲ್ಲಿ ಅವಕಾಶವಿಲ್ಲದಿದ್ದರೂ ಅನ್ನಿಸಿದೆ.

೧೦. ಇತ್ತ ವೇಳೆ ನೋಡುವ ಅಣ್ಣಪ್ಪನು ಎಂಟನೆಯ ಮೈಲುಗಲ್ಲಿನ ಬಳಿ ಗಡಿಯಾರ ಹಿಡಿದು ನಿಂತೇ ಇದ್ದ. ಮೊದಲ ವಾರ ನೆರಳು ಬೇಡಿದ, ಮಂಜೂರಾಯಿತು. ಎರಡನೆಯ ವಾರ ಛಪ್ಪರ ಹಾಕಿಕೊಂಡ. ಸಂಕ್ರಾಂತಿಯ ಹೊತ್ತಿಗೆ ಛಪ್ಪರಕ್ಕೆ ಹೀರೆ ಬಳ್ಳಿ ಹಬ್ಬಿಸಿದ. ಫೆಬ್ರವರಿಯಲ್ಲಿ ಅವನ ಹೆಸರಿಗೆ ಮೈಲುಗಲ್ಲಿನ ವಿಳಾಸದಲ್ಲಿ ಎರಡು ಮದುವೆಯ ಕರೆಯೋಲೆ ಬಂದವು. ಅವನು ಕಳಿಸಿದ ಹೀರೆಕಾಯಿಗಳನ್ನು ಕಚೇರಿಯು ಓಟದ ಪ್ರಗತಿ ವರದಿಯೆಂದು ಸ್ವೀಕರಿಸಿದೆ.

೧೧. ಮೂರನೆಯ ನೋಟೀಸನ್ನು ಮಾಯಪ್ಪನು ಮರೆವ್ವನ ಕಟ್ಟೆಯ ಮೇಲೆ ಮರೆತು ಬಂದಿದ್ದ. ಕಂಬಳಿ ಮುಟ್ಟದೆ ಮಾಯಪ್ಪನ ವರ್ಗಾವಣೆ ಆಗದೆಂದು ಬರೆದಿದ್ದ ಅದನ್ನು ಸಾಲಿಯ ಮಾಸ್ತರರು ಅವಳಿಗೆ ಓದಿ ಹೇಳಿದರು. ದಿನಾಂಕ ೮ ಮಾರ್ಚ್ ೧೯೫೯ರಂದು, ಬಿಸಿಲು ಸುಡುವ ಹೊತ್ತಿನಲ್ಲಿ, ಮರೆವ್ವ ಕಂಬಳಿ ಹೊದ್ದುಕೊಂಡೇ ಆರು ಮೈಲು ನಡೆದು ಮಧ್ಯಾಹ್ನ ಹನ್ನೆರಡು ಇಪ್ಪತ್ತಕ್ಕೆ ಗುರಿ ಮುಟ್ಟಿದಳು. ಕೈಯಲ್ಲಿ ಹಿಡಿದು ತರಬಹುದಿತ್ತಲ್ಲ ಎಂದು ಅಣ್ಣಪ್ಪ ಕೇಳಿದ್ದಕ್ಕೆ, "ಕಾಗದದಾಗ ತೊಟ್ಟ ಓಡಬೇಕು ಅಂತ ಐತಂತ. ನನ್ನ ಸಲುವಾಗಿ ಆ ಹುಡುಗನ ಬದ್ಲಿ ತಪ್ಪಬಾರದು" ಎಂದಳು. ನೀರು ಕುಡಿದ ಮೇಲೆ ಮತ್ತೆ ಹೇಳಿದ್ದು: "ಮೂರ ಸಲ ಬಂದು ಚಹಾ ಕುಡದ ಹೋದ, ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟಿದ್ರ ಅವತ್ತ ಓಡಿ ಬರ್ತಿದ್ನಿ." ಅಣ್ಣಪ್ಪನು ಗಡಿಯಾರ ನಿಲ್ಲಿಸಿ ಅತ್ತನೆಂದು ವರದಿಯಲ್ಲಿದೆ. ಮಾಯಪ್ಪನ ಓಟದ ವೇಳೆ: ಎಂಬತ್ತನಾಲ್ಕು ದಿನ, ಐದು ಗಂಟೆ, ಇಪ್ಪತ್ತು ಮಿನಿಟು. ಬೇರೆ ಯಾರೂ ಓಟ ಮುಗಿಸದೆ ಇದ್ದುದರಿಂದ ಅವನೇ ಮೊದಲಿಗನು.

೧೨. ಆದರೆ ೧೯೫೮ರ ಬಹುಮಾನದ ವರ್ಗಾವಣೆಯನ್ನು ಅದೇ ವರ್ಷದೊಳಗೆ ಹೊರಡಿಸಬೇಕಾಗಿತ್ತು, ವರ್ಷ ಮುಗಿದುಹೋಗಿತ್ತು. ಸಾಹೇಬರು ಈ ಕಡತವನ್ನು ನಾಲ್ಕು ದಿನ ಮನೆಗೆ ಒಯ್ದು ಐದನೆಯ ದಿನ ಬರೆದ ಆದೇಶ: ನೌಕರನ ವರ್ಗಾವಣೆಗೆ ಅವಧಿ ಇದೆ, ಸಾಮಾನಿನ ವರ್ಗಾವಣೆಗೆ ಅವಧಿ ಇಲ್ಲ. ಆದ್ದರಿಂದ ಕಂಬಳಿ ನಂಬರ ೭ನ್ನು ಮಸಗುಪ್ಪಿಗೆ ವರ್ಗಾಯಿಸಲಾಗಿದೆ. ಅದನ್ನು ಕಾಯಲು ಜವಾನ ಮಾಯಪ್ಪನು ಅದರ ಜೊತೆಗೆ ಹೋಗಿ, ಕಂಬಳಿ ಪೂರ್ತಿ ಹರಿಯುವವರೆಗೆ ಅಲ್ಲೇ ಇರತಕ್ಕದ್ದು. ಸದರಿ ಕಂಬಳಿಯನ್ನು ಜೋಪಾನದ ದೃಷ್ಟಿಯಿಂದ ತೊಟ್ಟಿಲಲ್ಲಿ ಹಾಸತಕ್ಕದ್ದು.

೧೩. ಮೇಲಿನ ಅನುಭವದಿಂದ ಪಾಠ ಕಲಿತು, ಬರುವ ೧೩ ಡಿಸೆಂಬರದ ಓಟಕ್ಕೆ ಕೆಳಗಿನಂತೆ ಕಟ್ಟಪ್ಪಣೆ ಮಾಡಲಾಗಿದೆ:

(ಅ) ಪ್ರತಿ ಸ್ಪರ್ಧಿಯು ದಿನಾಲು ಅರ್ಧ ತಾಸು ತಾಲೀಮು ಮಾಡತಕ್ಕದ್ದು. ವೇಗವು ಈ ಸುತ್ತೋಲೆಯ ಸಂಖ್ಯೆಯನ್ನು ತಡವರಿಸದೆ ಹೇಳಲು ಬರುವಷ್ಟಿರಬೇಕು. ಓಟದ ಹಿಂದಿನ ದಿನ ವಿಶ್ರಾಂತಿ. ವಿಶ್ರಾಂತಿಗೆ ಹೊಸ ತರಬೇತಿ ಬೇಡವೆಂದು ಎಲ್ಲ ಜವಾನರೂ ತಿಳಿಸಿದ್ದಾರೆ.

(ಆ) ಹೊರಡುವಾಗ ಸ್ಪರ್ಧಿಯು ಕಡ್ಡಾಯವಾಗಿ ನಡುಗತಕ್ಕದ್ದು. ಹಲ್ಲಿನ ಸಪ್ಪಳ ಮೂರು ಮಾರು ದೂರಕ್ಕೆ ಕೇಳಬೇಕು. ಹಲ್ಲು ಇಲ್ಲದವರು ಮೊಣಕಾಲು ಬಳಸಬಹುದು. ನಡುಗದವನ ಮೈಮೇಲಿಂದ ಒಂದೊಂದೇ ಬಟ್ಟೆ ತೆಗೆದು ನಡುಕ ಬರಿಸಲಾಗುವುದು.

(ಇ) ಕೈಗೆ ಕಾಲುಚೀಲ ಹಾಕಿಕೊಳ್ಳಲು ಅನುಮತಿ ಇದೆ. ಕೈಚೀಲವೆಂದು ತಪ್ಪು ತಿಳಿದು ಅದರಲ್ಲಿ ಬದನೆಕಾಯಿ ತರಕೂಡದು.

(ಈ) ಜೀಪಿನಲ್ಲಿ ಕುಳಿತವರ ಸೀನನ್ನು ಇನ್ನು ಮುಂದೆ ಹವಾಮಾನವೆಂದು ಪರಿಗಣಿಸಲಾಗದು. ಈ ಕಲಮನ್ನು ಸಾಹೇಬರೇ ತಮ್ಮ ಕೈಯಿಂದ ಸೇರಿಸಿದ್ದಾರೆ.

(ಉ) ಪ್ರತಿ ಸ್ಪರ್ಧಿಯು ಬನಿಯನ್ನಿನ ಮೇಲೆ ಒಂದು ಹೊಸ ಕಂಬಳಿ ಹೊದ್ದು ಹೊರಟು, ಎರಡನೆಯ ಮೈಲಿನಲ್ಲಿ ಅದನ್ನು ಬಿಡತಕ್ಕದ್ದು. ಏಳೂಕಾಲಿಗೆ ಅಲ್ಲಿ ಹನ್ನೊಂದು ಮಂದಿ ವೃದ್ಧರು ಸಾಲಾಗಿ ಕುಳಿತಿರುತ್ತಾರೆ. ಎಸೆಯಕೂಡದು, ಹೊದಿಸತಕ್ಕದ್ದು. ಮೊದಲ ಕಂಬಳಿ ಮರೆವ್ವನಿಗೆ. ಮರಳಿ ಕೇಳಕೂಡದು. ಸರಕಾರ ಕಂಬಳಿಯನ್ನು ಓಡಿಕೊಂಡೇ ಹಂಚುತ್ತದೆ ಎಂಬ ಅವಳ ಹೇಳಿಕೆಯನ್ನು ಈ ಕಲಮಿನಿಂದ ಖರೆ ಮಾಡಲಾಗಿದೆ.

೧೪. ಈ ವರ್ಷದ ಸ್ಪರ್ಧಿಗಳ ಯಾದಿಯಲ್ಲಿ ಮಾಯಪ್ಪನ ಹೆಸರು ಇರುವುದಿಲ್ಲ. ಇಡೀ ವಿಭಾಗದಲ್ಲಿ ಓಡಲು ಬರುವವನು ಅವನೊಬ್ಬನೇ ಆದ್ದರಿಂದ ಕಾರಣ ಕೇಳಿ ಕಾಗದ ಕಳಿಸಲಾಗಿತ್ತು. ಅದರ ಹಿಂಬದಿಗೆ ಅವನು ಬರೆದು ಕಳಿಸಿದ ಉತ್ತರ: "ಮಗಳು ಈಗ ನನ್ನ ನೋಡಿದ್ರ ಅಳೂದಿಲ್ರಿ. ಎಲ್ಲಿ ಓಡಿ ಮುಟ್ಟಬೇಕಾಗಿತ್ತೋ ಅಲ್ಲಿ ಮುಟ್ಟೇನ್ರಿ. ಇನ್ನ ಎಲ್ಲಿಗಿ ಓಡ್ಲಿರಿ?"

ಈ ಉತ್ತರವನ್ನು ಸಮಾಧಾನಕರವೆಂದು ಭಾವಿಸಿ ಕಡತವನ್ನು ಮುಚ್ಚಲಾಗಿದೆ.

(ಸಹಿ ಇದೆ)
ಸಾಹೇಬರ ಪರವಾಗಿ, ಪಶ್ಚಾತ್ತಾಪದಲ್ಲಿರುವ ಕಾರಕೂನ
ಗೋಕಾಕ

ಪ್ರತಿಗಳು:
೧. ಮೂರೂ ಭಾಗದ ಎಲ್ಲ ಜವಾನರಿಗೆ, ಓಡುತ್ತ ಓದಲು.
೨. ಪರಪ್ಪ, ನಿಡಸೋಸಿ ಇವರಿಗೆ: ಇನ್ನಾದರೂ ಗುಂಡಿ ಬಿಚ್ಚಬಹುದೆಂಬ ಸೂಚನೆಯೊಂದಿಗೆ.
೩. ಮೂರನೆಯ ಮೈಲಿನ ಬೆದರುಗೊಂಬೆಗೆ: ಕೋಟು ಮರಳಿ ಪಡೆದದ್ದಕ್ಕೆ ವಿಷಾದ.
೪. ಅಣ್ಣಪ್ಪ, ಎಂಟನೆಯ ಮೈಲುಗಲ್ಲು ಇವರಿಗೆ: ಓಟ ಮುಗಿದು ಎಂಟು ತಿಂಗಳಾಯಿತು, ಹೀರೆ ಬಳ್ಳಿ ಬಿಟ್ಟು ಮನೆಗೆ ಹೋಗಬಹುದು.
೫. ಮರೆವ್ವ, ಎರಡನೆಯ ಮೈಲು ಇವರಿಗೆ: ಮಾಸ್ತರರು ಓದಿ ಹೇಳತಕ್ಕದ್ದು, ಚಹಾ ಕುಡಿದ ಮೇಲೆ.
೬. ಮಾಯಪ್ಪನ ಮಗಳು, ಮಸಗುಪ್ಪಿ ಇವಳಿಗೆ: ಓದಲು ಬಂದ ಮೇಲೆ ಓದತಕ್ಕದ್ದು. ಅಲ್ಲಿಯವರೆಗೆ ಕಂಬಳಿ ಹರಿಯಕೂಡದು.