ನಾಳೆ ಮಾಸ್ಟರ ಅಂಗಡಿಗೆ ಆಳು ಬೇಕಾಗಿದೆ

ಪರದೇಶದಿಂದ ಹೊಲಿಗೆ ಯಂತ್ರ ತರಿಸಿದರೆ ಹದಿನೈದೇ ದಿನಕ್ಕೆ ಬಾಗಿಲಿಗೆ ಬಂದು ಬೀಳುತ್ತದೆ. ಅದೇ ದೇಶದಿಂದ ಕಟ್ಟಿಕೊಂಡ ಹೆಂಡತಿಯನ್ನು ಕರೆಸಲು ಮೂರು ವರ್ಷ ಬೇಕಂತೆ! ಇದ್ಯಾವ ಸೀಮೆಯ ನ್ಯಾಯ ಎಂದು ನಾಳೆ ಮಾಸ್ಟರು ಬೀದಿಯಲ್ಲಿ ಸಿಕ್ಕಸಿಕ್ಕವರನ್ನೆಲ್ಲ ಕೇಳುತ್ತಿದ್ದರು. (ಈ ದರ್ಜಿಗೆ ಆ ಹೆಸರು ಹೇಗೆ ಬಂತೆಂದು, ಅವರಲ್ಲಿ ಒಮ್ಮೆ ಬಟ್ಟೆ ಹೊಲಿಯಲು ಕೊಟ್ಟವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 'ನಾಳೆ ಬನ್ನಿ' ಎಂಬುದೇ ಆ ಅಂಗಡಿಯ ಮೂಲಮಂತ್ರ.)

ಹೊಸ ಯಂತ್ರ ನಡೆಸುವುದನ್ನು ಕಲಿಯಲು ಆ ದೇಶಕ್ಕೆ ಹೋದ ಮಾಸ್ಟರು ಅಲ್ಲಿ ಕಸೂತಿ ಕಲಿಸುತ್ತಿದ್ದವಳಿಗೆ ಮನಸೋತು, ಅಲ್ಲೇ ಮದುವೆಯಾಗಿ, ಒಬ್ಬರೇ ವಾಪಸು ಬಂದಿದ್ದರು. ಅವರ ತಾಯಿಗೂ ಸೊಸೆಯೆಂದರೆ ಪ್ರಾಣ. ದಿನವೂ ಫೋನಿನಲ್ಲಿ ಅರ್ಧ ಮಾತು, ಅರ್ಧ ಕೈಸನ್ನೆಯಲ್ಲಿ ಅತ್ತೆ ಸೊಸೆ ಲೋಕವನ್ನೇ ಮರೆಯುತ್ತಿದ್ದರು.

ಕೊನೆಗೆ ಅರ್ಜಿ ಬರೆಯುವವನೊಬ್ಬ ದಾರಿ ತೋರಿಸಿದ. ಹೆಂಡತಿ ಎಂದು ಕರೆಸಿದರೆ ಮೂರು ವರ್ಷ, ಅಂಗಡಿಯ ಕೆಲಸಕ್ಕೆಂದು ಕರೆಸಿದರೆ ಆರೇ ತಿಂಗಳು. ಒಂದೇ ಷರತ್ತು: ಮೊದಲು ಅಂಗಡಿ ಬಾಗಿಲಿಗೆ ಪ್ರಕಟಣೆ ಅಂಟಿಸಬೇಕು, ಸರ್ಕಾರಿ ಅಧಿಕಾರಿ ಬಂದು ಯಾರು ಕೆಲಸ ಕೇಳುತ್ತಾರೆಂದು ನೋಡಬೇಕು. ಆ ಕೆಲಸಕ್ಕೆ ಊರಿನವರೇ ಯಾರಾದರೂ ಸಿಕ್ಕಿದರೆ ಹೊರದೇಶದವರಿಗೆ ಪ್ರವೇಶವಿಲ್ಲ.

ಯಾರೂ ಸಿಗದ ಹಾಗೆ ಬರೆದರಾಯಿತಲ್ಲ ಎಂದು ಮಾಸ್ಟರಿಗೆ ಥಟ್ಟನೆ ಹೊಳೆಯಿತು. ನರಮನುಷ್ಯರು ಮಾಡಲಾರದ ಕೆಲಸಗಳು ಯಾವುವೆಂದು ಅಂಗಡಿಯನ್ನೆಲ್ಲ ಸುತ್ತಿ ನೋಡಿ, ಘನಗಂಭೀರ ಪ್ರಕಟಣೆಯೊಂದನ್ನು ರಚಿಸಿದರು.

'ಬೇಕಾಗಿದ್ದಾರೆ. ಅಭ್ಯರ್ಥಿಯು ನಾಲ್ಕನೇ ಸಲ ಬಂದ ಗಿರಾಕಿಯನ್ನೂ ನಗುನಗುತ್ತ ವಾಪಸು ಕಳಿಸಬೇಕು. ಅಳತೆ ಬರೆದ ಚೀಟಿ ಕಳೆದುಹೋದರೆ ಗಿರಾಕಿಯ ಸೊಂಟವನ್ನು ನೆನಪಿನಿಂದ ಹೇಳಬೇಕು. ಮಾಲೀಕರು ಹುಡುಕುವ ಟೇಪು ಮಾಲೀಕರ ಕುತ್ತಿಗೆಯಲ್ಲೇ ಇದೆಯೆಂದು ದಿನವೂ ಬೇಸರಿಸದೆ ತಿಳಿಸಬೇಕು. ಮಾಲೀಕರ ಸಿಟ್ಟನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡಬೇಕು. ಕೈತುಂಬ ಸಂಬಳ.'

ಬಾಗಿಲು ಒರೆಸಲು ಬಂದ ತಾಯಿ ಕನ್ನಡಕ ಏರಿಸಿಕೊಂಡು ಇದನ್ನು ಎರಡು ಸಲ ಓದಿದರು.

"ಇದಕ್ಕೆಲ್ಲ ಸಂಬಳ ಇದೆಯೇನೋ?"

"ಕೊಡಲೇಬೇಕಮ್ಮ, ಕಾನೂನು."

"ಓಹೋ" ಎಂದು ಅವರು ಮಹಡಿ ಹತ್ತಿದರು. ಆ ಓಹೋಗೆ ಮಾಸ್ಟರು ಆಗಲೇ ಹೆದರಬೇಕಿತ್ತು.

ಅಧಿಕಾರಿ ಬಂದ ದಿನ, ಅರೆಬರೆ ಹೊಲಿದ ಬಟ್ಟೆಗಳ ನಡುವೆ ಜಾಗ ಮಾಡಿ ಅವರನ್ನು ಸ್ಟೂಲಿನ ಮೇಲೆ ಕೂರಿಸಿದ್ದಾಯಿತು. ಕೆಲಸ ಕೇಳಿ ಬಂದವನು ಒಬ್ಬನೇ ಒಬ್ಬ. ಸೊಂಟದ ಷರತ್ತು ಓದಿದವನೇ ಹೊರಟುಹೋದ. ಮಾಸ್ಟರು ಮನಸ್ಸಿನಲ್ಲೇ ಹೆಂಡತಿಯನ್ನು ವಿಮಾನ ಹತ್ತಿಸುತ್ತಿರುವಾಗ, ಮದುವೆಮನೆಗೆ ಹೊರಟವರಂತೆ ಸಿಂಗರಿಸಿಕೊಂಡು, ಕೈಯಲ್ಲಿ ಚೀಲ ಹಿಡಿದು ತಾಯಿ ಮಹಡಿ ಇಳಿದು ಬಂದರು.

"ಕೆಲಸಕ್ಕೆ ಬಂದಿದ್ದೀನಿ ಸಾರ್. ಇದೇ ಊರಿನವಳು."

ಅಮ್ಮ, ಸುಮ್ಮನೆ ಒಳಗೆ ಹೋಗು ಎಂದು ಮಾಸ್ಟರು ಹಲ್ಲು ಕಡಿದರು. ಅಭ್ಯರ್ಥಿಯ ಹತ್ತಿರ ಹಾಗೆಲ್ಲ ಮಾತಾಡಬಾರದು ಎಂದು ಅಧಿಕಾರಿ ಗದರಿಸಿದರು.

ಅಷ್ಟರಲ್ಲಿ ಬ್ಯಾಂಕಿನ ಕಾವಲುಗಾರ ಪ್ಯಾಂಟಿಗಾಗಿ ನಾಲ್ಕನೇ ಸಲ ಬಂದು ಮೀಸೆ ಕುಣಿಸಿದ. ತಾಯಿ ಅವನ ಮಗಳ ಬಾಣಂತನ ವಿಚಾರಿಸಿದರು. ಹಳೇ ಚೀಟಿಯಲ್ಲಿ ನಿನ್ನ ಸೊಂಟ ಮೂವತ್ತಾರು ಇದೆ, ಈಗ ಮೂವತ್ತೆಂಟು ಆಗಿದೆ, ಕತ್ತರಿಸಬೇಡ ಎಂದು ನಾನೇ ತಡೆದೆ ಎಂದರು. ಅವನು ಕೈಮುಗಿದು ನಗುತ್ತ ಹೋದ. ಬೆವರಿದ ಮಾಸ್ಟರು ಏನು ಮಾಡಲೂ ತೋಚದೆ ಟೇಪು ಹುಡುಕತೊಡಗಿದರು.

"ಕುತ್ತಿಗೇಲಿದೆ" ಎಂದರು ತಾಯಿ, ತಿರುಗಿಯೂ ನೋಡದೆ.

ಊರಿನ ಅಭ್ಯರ್ಥಿ ಸಿಕ್ಕಿದ್ದಾರೆ, ಹೊರಗಿನವರು ಬೇಡ ಎಂದು ಅಧಿಕಾರಿ ಫೈಲು ಮುಚ್ಚಿಯೇಬಿಟ್ಟರು. ಇನ್ನು ಮೂರು ವರ್ಷ ಮಾಸ್ಟರು ಹೆಂಡತಿಯ ಮುಖವನ್ನು ಫೋನಿನಲ್ಲೇ ನೋಡಬೇಕು.

"ನಿನ್ನ ಸೊಸೆ ಬರೋ ಬಾಗಿಲನ್ನ ನೀನೇ ಮುಚ್ಚಿದ್ಯಲ್ಲಮ್ಮ" ಎಂದರು ಮಾಸ್ಟರು.

"ಅಲ್ವೋ, ನಿನಗೆ ಬೇಕಾಗಿದ್ದು ಹೆಂಡ್ತಿನೋ, ಇನ್ನೊಬ್ಬ ಅಮ್ಮನೋ? ನಾನು ಮಾಡೋದನ್ನೆಲ್ಲ ಸಾಲಾಗಿ ಬರೆದೆ. ಅವಳಿಗೆ ಬರೋದು ಒಂದಾದ್ರೂ ಬರೆದ್ಯಾ?"

ತಾಯಿ ಚೀಲದಿಂದ ಸೊಸೆ ಕಳಿಸಿದ್ದ ಕರವಸ್ತ್ರ ತೆಗೆದು ಹರಡಿದರು. ಅದರ ಮೇಲೆ ಕೂತಿದ್ದ ನೊಣವನ್ನು ಓಡಿಸಲು ಅಧಿಕಾರಿ ಕೈ ಬೀಸಿದರು. ಅದು ಹಾರಲಿಲ್ಲ. ಮತ್ತೆ ಬೀಸಿದರು. ಆಮೇಲೆ ಮುಟ್ಟಿ ನೋಡಿದರೆ, ದಾರದ ನೊಣ!

"ಇಂಥ ಕಸೂತಿ ಬರೋರು ಬೇಕು ಅಂತ ಇನ್ನೊಂದು ಪ್ರಕಟಣೆ ಹಾಕ್ರೀ" ಎಂದರು ಅಧಿಕಾರಿ, ನೊಣದಿಂದ ಕಣ್ಣು ತೆಗೆಯದೆ. "ಈ ಊರಲ್ಲಿ ಯಾರು ಬರ್ತಾರೋ ನಾನೂ ನೋಡ್ತೀನಿ."

ಯಾರೂ ಬರಲಿಲ್ಲ. ಆರು ತಿಂಗಳಿಗೆ ಹೆಂಡತಿ ಬಂದಳು. ಮಾಸ್ಟರು ವಿಮಾನ ನಿಲ್ದಾಣದಲ್ಲೇ ನಾಚಿಕೆ ಬಿಟ್ಟು ಅತ್ತರು.

ಮೊದಲ ಸೋಮವಾರ ಅತ್ತೆ ಸೊಸೆ ಇಬ್ಬರೂ ಸಂಬಳದ ಕೆಲಸಕ್ಕೆ ಕೂತರು. ಮಾಸ್ಟರ ಎದೆ ಹಿಗ್ಗಿತು. ಹನ್ನೊಂದು ಗಂಟೆಗೆ ಎಂದಿನಂತೆ, "ಅಮ್ಮ, ಟೀ" ಎಂದರು. ತಾಯಿ ಗುಂಡಿ ಹಾಕುತ್ತಲೇ ಬಾಗಿಲಿನ ಪ್ರಕಟಣೆ ಕಡೆ ಬೆರಳು ತೋರಿಸಿದರು. ಮಾಸ್ಟರು ಎದ್ದು ಹೋಗಿ ಮೇಲಿನಿಂದ ಕೆಳಗಿನವರೆಗೆ ಓದಿದರು. ಟೀ ವಿಚಾರ ಎಲ್ಲೂ ಇರಲಿಲ್ಲ.

ಆಸೆಯಿಂದ ಹೆಂಡತಿಯ ಕಡೆ ತಿರುಗಿದರು. ಅವಳು ಸೂಜಿ ನಿಲ್ಲಿಸಿ, ಅತ್ತೆಯ ಮುಖ ನೋಡಿ, ಫೋನಿನಲ್ಲಿ ಇಷ್ಟು ದಿನ ಕಲಿತಿದ್ದನ್ನೆಲ್ಲ ನೆನಪಿಸಿಕೊಂಡು, ತುಂಬ ವಿನಯದಿಂದ ಹೇಳಿದಳು:

"ನಾಳೆ ಬನ್ನಿ."