ಅಟ್ಟದ ಮೇಲಿನ ಮೈಕ್‌ಸೆಟ್

ದೊಡ್ಡಬೀರಯ್ಯ: ಕಣ್ಬುಟ್ಟು ನೋಡಮ್ಮಿ! ಮುರ್ದೋಗಿರೋ ಗಿಟಾರು. ಅದ್ಕೂ ಗಾಜಿನ ಪೆಟ್ಗೆ, ಮ್ಯಾಲೊಂದು ಲೈಟು. ನೀನು ನೋಡುದ್ರೆ ನನ್ ಮೈಕ್‌ಸೆಟ್ಟ ಗುಜರಿಗೆ ಹಾಕ್ತೀನಿ ಅಂತೀಯ!

ಕರಿಯಮ್ಮ: ನಾಳೆ ಬೆಳಿಗ್ಗೆ ಗುಜರಿ ಕಲಂದರಣ್ಣ ಬತ್ತಾನೆ. ಮಾತಾಗೋಗದೆ ಕಣಯ್ಯ.

ಚಾಮರಾಜನಗರದ ಹೊಸ ಕಲಾ ಮ್ಯೂಸಿಯಂನಲ್ಲಿ ರಾಕ್ ಸಂಗೀತದ ಪ್ರದರ್ಶನ. ಅದರ ನಟ್ಟನಡುವೆ ಹಂಗಳ ಎಂಬ ಊರಿನ ಈ ಗಂಡ ಹೆಂಡತಿಯ ಜಗಳ. ದೊಡ್ಡಬೀರಯ್ಯ ಒಂದು ಕಾಲಕ್ಕೆ ಸುತ್ತಲಿನ ಮದುವೆಗಳಿಗೆಲ್ಲ ಮೈಕ್ ಕಟ್ಟಿದವನು. ಒಂದು ಮದುವೆಯಲ್ಲಂತೂ ಇವನು ಊಟಕ್ಕೆ ಕೂಗಿದ್ದು ಕೇಳಿ ಪಕ್ಕದೂರಿನವರೂ ಬಂದು ಪಂಕ್ತಿಯಲ್ಲಿ ಕೂತರಂತೆ, ಪಾಪ, ಹೆಣ್ಣಿನ ಕಡೆಯವರು ಮತ್ತೆ ಒಲೆ ಹಚ್ಚಿದರಂತೆ. ಇರಲಿ, ಹೇಳಹೊರಟಿದ್ದು ಅದಲ್ಲ. ಆ ಮೈಕ್‌ಸೆಟ್ಟು ಈಗ ಅಟ್ಟದ ಮೇಲಿದೆ. ಕರಿಯಮ್ಮನ ಹುರುಳಿ ಮೂಟೆಗಳಿಗೆ ಅಟ್ಟ ಬೇಕು. ಅವಳ ಮನಸ್ಸು ತಿರುಗಿಸಲೆಂದೇ ಇವನು ಬಸ್ಸು ಹತ್ತಿಸಿ ಕರೆತಂದಿದ್ದ.

ದೊಡ್ಡಬೀರಯ್ಯ: ಇಲ್ನೋಡು, ಹಾಡೋನ್ ಪ್ಯಾಂಟು. ಮಂಡಿ ತಾವ ಹರ್ದೋಗದೆ, ಆದ್ರೂ ಮಡಗವ್ರೆ. ನಂದ ನೀನು ಮಸಿಬಟ್ಟೆ ಮಾಡ್ಬುಟ್ಟೆ!

ಕರಿಯಮ್ಮ: ಅವ್ನು ಅದ್ನ ಹಾಕ್ಕಂಡು ಹಾಡ್ದ. ನೀನು ಹಾಕ್ಕಂಡು ನನ್ ತಮ್ಮನ್ ಮನೆ ಗೃಹಪ್ರವೇಶಕ್ಕೆ ಬಂದೆ.

ದೊಡ್ಡಬೀರಯ್ಯ: ಸಾಮಾನಿನ್ ಬೆಲೆ ನಿನಗೇನ್ ಗೊತ್ತು?

ಕರಿಯಮ್ಮ: ಇಲ್ಲಿ ಇಷ್ಟೊಂದು ಅದೆ, ಒಂದಾದ್ರೂ ಉಸ್ರೆತ್ತದಾ? ನಿಂದು ಹಂಗಾ? ಆಗಾಗ ಕೆಳಗಿಳಿಸ್ಕಂಡು 'ಹಲೋ ಹಲೋ' ಅಂತೀಯ, ಎಮ್ಮೆ ಬೆದ್ರಿ ಹಾಲೇ ಕೊಡಲ್ಲ.

ಸೋಲುವ ಲಕ್ಷಣ ಕಂಡು ದೊಡ್ಡಬೀರಯ್ಯ, ಬಂದವರಿಗೆ ವಿವರಿಸಲು ನಿಂತಿದ್ದ ಮಹೀನ್ ಎಂಬ ಹುಡುಗಿಯನ್ನು ಕರೆದ.

ದೊಡ್ಡಬೀರಯ್ಯ: ಬಾವ್ವ ಇಲ್ಲಿ. ಈ ಸಾಮಾನೆಲ್ಲಾ ಯಾರವ್ವ ಕೊಟ್ಟಿದ್ದು? ಜೋರಾಗೇಳು, ಇವ್ಳಿಗೆ ಕೇಳುಸ್ಲಿ.

ಮಹೀನ್: ಆ ಹಾಡುಗಾರರ ಹೆಂಡ್ತಿ, ತಾತ. ಮನೇಲಿ ಕಾಲಿಡೋಕೆ ಜಾಗ ಇಲ್ಲ ಅಂತ ಅವ್ರೇ ಲಾರಿ ಮಾಡಿ ಕಳಿಸಿದ್ರು.

ಕರಿಯಮ್ಮ ಗಾಜಿನ ಪೆಟ್ಟಿಗೆಗೆ ಕೈಮುಗಿದಳು.

ಕರಿಯಮ್ಮ: ಪುಣ್ಯಾತ್ಗಿತ್ತಿ!

ದೊಡ್ಡಬೀರಯ್ಯನ ಮುಖ ಚಿಕ್ಕದಾಯಿತು. ಮಹೀನ್‌ಗೆ ಅಯ್ಯೋ ಅನಿಸಿತು.

ಮಹೀನ್: ತಾತ, ನಿಮ್ಮ ಮೈಕ್‌ಸೆಟ್ ನಮಗೇ ಕೊಡಿ. ನಿಮ್ಮ ಹೆಸರು ಬರೆದು, ಗಾಜಿನೊಳಗೆ ಇಡ್ತೀವಿ.

ದೊಡ್ಡಬೀರಯ್ಯ: ನನ್ನೆಸ್ರಾ? ನಾಳೇನೇ ತಕ್ಕೊಳವ್ವಾ!

ಕರಿಯಮ್ಮ: ಕೊಡಲ್ಲ.

ದೊಡ್ಡಬೀರಯ್ಯ: ಹಾಂ? ಗುಜರಿಗೆ ಕೊಡ್ತೀನಿ ಅಂತಿದ್ದೋಳು!

ಕರಿಯಮ್ಮ: ಗುಜರಿಗೆ ಹಾಕುದ್ರೆ ಎಲ್ಡು ದಿನ ಮುನಿಸ್ಕಂಡು ಸುಮ್ಕಾಯ್ತಿದ್ದೆ. ಇಲ್ಲಿ ಮಡಗುದ್ರೆ ದಿನಾ ಮೊದಲ್ನೇ ಬಸ್ಸಿಗೆ ಬಂದು, ಸಿಕ್ಕುದೋರ್ಗೆಲ್ಲಾ ಕಥೆ ಹೇಳ್ಕಂಡು ಕೂತ್ಕತೀಯ. ಬುತ್ತಿ ಕಟ್ಟೋರ್ಯಾರು, ಈ ಮಗುವಾ? ಕಲಂದರಣ್ಣನ್ಗೂ ಬ್ಯಾಡ ಅಂತೀನಿ, ಅಟ್ಟದ್ ಮ್ಯಾಲೇ ಬಿದ್ದಿರ್ಲಿ. ನಡಿ, ಬಸ್ಸು ಓಯ್ತದೆ.

ದೊಡ್ಡಬೀರಯ್ಯ: ಹಂಗಾರೆ ಗೆದ್ದೋನು ನಾನೇ ಅನ್ನು!

ಕರಿಯಮ್ಮ: ಹೂಂ ಕಣಯ್ಯ, ನೀನೇ. ಹುರುಳಿ ಮೂಟೆ ನಿನ್ ಮಂಚದ್ ಮ್ಯಾಲೆ ಮಡಗ್ತೀನಿ. ನೀನು ಅಟ್ಟಕ್ಕತ್ತಿ ಗೆದ್ದಿರೋ ಮೈಕ್‌ಸೆಟ್ ಪಕ್ದಲ್ಲೇ ಮನಿಕ್ಕೊ.